ಓಡು ಎಂದರೆ ಎಲ್ಲಿಯವರೆಗೆ: ಆಟಿಸಂ ಇರುವ ವಿದ್ಯಾರ್ಥಿ ಮತ್ತು ನಮ್ಮ ಶಾಲೆಯ ಆಟದ ಪೀರಿಯಡ್

ನಮ್ಮ ಶಾಲೆಯ ಐದನೇ ತರಗತಿಯ ಹುಡುಗನೊಬ್ಬ ಒಂದು ವರ್ಷದ ಬಹುಪಾಲು ಆಟದ ಪೀರಿಯಡ್‌ಗಳನ್ನು ಮುಖ್ಯ ಶಿಕ್ಷಕರ ಕೊಠಡಿಯ ಮುಂದಿನ ಜಗಲಿಯಲ್ಲಿ ಕುಳಿತು ಕಳೆದ. ಅವನನ್ನು ಯಾರೂ ಗದರಿಸಿ ಅಲ್ಲಿ ಕೂರಿಸಿರಲಿಲ್ಲ. ಬೆಂಚು, ಚಿತ್ರಪುಸ್ತಕ, ನೀರಿನ ಬಾಟಲಿ ಎಲ್ಲವನ್ನೂ ಒದಗಿಸಿ, ಬಿಸಿಲಿನಿಂದಲೂ ಗದ್ದಲದಿಂದಲೂ ದೂರವಿಟ್ಟು, ಅವನಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದು ನಾವೆಲ್ಲರೂ ನಂಬಿದ್ದೆವು. ಹಾಜರಿ ಪುಸ್ತಕದಲ್ಲಿ ಆ ಅವಧಿಗೂ ಅವನ ಹೆಸರಿನ ಮುಂದೆ ಹಾಜರಿ ಬೀಳುತ್ತಿತ್ತು. ನಾನು ಆ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಅವನು ಜಗಲಿ ಸೇರಿದ್ದಕ್ಕೆ ನಾನೂ ಹೊಣೆ. ಅವನು ಮೈದಾನಕ್ಕೆ ಮರಳಿದ ಎರಡು ವರ್ಷಗಳ ವಿವರವನ್ನು, ಇದೇ ಸ್ಥಿತಿಯಲ್ಲಿರುವ ಇತರ ಶಿಕ್ಷಕರಿಗೆ ಉಪಯೋಗವಾಗಲಿ ಎಂಬ ಕಾರಣಕ್ಕೆ, ಅವನ ತಂದೆ ತಾಯಿಯರ ಒಪ್ಪಿಗೆ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ. ಮನೆಯಲ್ಲಿ ಅವನನ್ನು ಪುಟ್ಟ ಎಂದು ಕರೆಯುತ್ತಾರೆ. ಇಲ್ಲಿಯೂ ಅದೇ ಇರಲಿ.

ಶಾಲೆ ಮೈಸೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮೈದಾನ ದೊಡ್ಡದು, ಆದರೆ ಅದರ ಎರಡು ಬದಿಗೆ ಕಾಂಪೌಂಡ್ ಇಲ್ಲ, ಗೇಟಿನಾಚೆಗೆ ರಸ್ತೆ. ಪುಟ್ಟನ ತಂದೆ ಲಗೇಜ್ ಆಟೊ ಓಡಿಸುತ್ತಾರೆ, ತಾಯಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ, ಮನೆಯಲ್ಲಿ ಅಜ್ಜಿ ಇದ್ದಾರೆ. ಅವನಿಗೆ ನಾಲ್ಕು ವರ್ಷ ತುಂಬಿದರೂ ಮಾತು ಬಾರದಿದ್ದಾಗ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದಿದ್ದರು. ಅಲ್ಲಿ ಆಟಿಸಂ, ಅಂದರೆ ಮಾತು, ಇತರರೊಡನೆ ಬೆರೆಯುವುದು, ಸದ್ದು ಸ್ಪರ್ಶಗಳ ಅನುಭವ ಬೇರೆ ಬಗೆಯಲ್ಲಿರುವ ಬೆಳವಣಿಗೆಯ ಸ್ಥಿತಿ, ಎಂದು ಗೊತ್ತಾಯಿತು. ಸರ್ಕಾರಿ ಕಡತಗಳಲ್ಲಿ ಇದನ್ನು ಸ್ವಲೀನತೆ ಎಂದು ಬರೆಯುತ್ತೇವೆ. ನಮ್ಮ ದೇಶದಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಆಟಿಸಂ ಅಳೆಯಲು ಬಳಸುವ ಭಾರತೀಯ ಅಳತೆಗೋಲಿನಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಒಟ್ಟು 107ರಿಂದ 153ರ ನಡುವೆ ಬಂದರೆ ಮಧ್ಯಮ ಪ್ರಮಾಣ ಎಂದು ಗಣಿಸುತ್ತಾರೆ. ಪುಟ್ಟನದು ಮಧ್ಯಮ.

ಆ ಅಂಕ ಅವನ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ಅವನು ಕನ್ನಡವನ್ನು ತಡವರಿಸದೆ ಓದುತ್ತಾನೆ. ಊರಿಗೆ ಬಂದು ಹೋಗುವ ಬಸ್ಸುಗಳ ವೇಳೆಯೆಲ್ಲ ಅವನಿಗೆ ಬಾಯಿಪಾಠ. ಎರಡು ಮೂರು ಪದಗಳ ವಾಕ್ಯದಲ್ಲಿ ಬೇಕಾದ್ದನ್ನು ಕೇಳುತ್ತಾನೆ, ಗಾಬರಿಯಾದಾಗ ಮಾತ್ರ ನಾವು ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಹೇಳುತ್ತಾನೆ. ತುದಿಗಾಲಿನಲ್ಲಿ ನಡೆಯುತ್ತಾನೆ. ಕುಕ್ಕರಿನ ಸೀಟಿ ಕೂಗಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ ಎಂದು ಅವನ ತಾಯಿ ಶಾಲೆಗೆ ಸೇರಿಸಿದ ದಿನವೇ ಹೇಳಿದ್ದರು. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಅದಕ್ಕೂ ನನ್ನ ಕೊರಳಲ್ಲಿ ತೂಗುತ್ತಿದ್ದ ಸೀಟಿಗೂ ಇರುವ ಸಂಬಂಧ ನನಗೆ ಹೊಳೆಯಲಿಲ್ಲ.

ಮೊದಲ ಒಂದೂವರೆ ತಿಂಗಳು ನಾನು ಅವನನ್ನು ಎಲ್ಲರಂತೆಯೇ ನಡೆಸಿಕೊಂಡೆ, ಮತ್ತು ಅದನ್ನೇ ಸಮಾನತೆ ಎಂದು ತಿಳಿದಿದ್ದೆ. ಸೀಟಿ ಊದಿದ ಕೂಡಲೇ ಮಕ್ಕಳು ಎತ್ತರದ ಪ್ರಕಾರ ಸಾಲು ನಿಲ್ಲಬೇಕು, ಸಾವಧಾನ್ ವಿಶ್ರಾಮ್ ಮುಗಿಯಬೇಕು, ಆಮೇಲೆ ತಂಡ ಹಂಚಿಕೆ. ಪುಟ್ಟ ಮೊದಲ ಸೀಟಿಗೇ ಕಿವಿ ಮುಚ್ಚಿ ಕುಳಿತುಬಿಡುತ್ತಿದ್ದ. ಸಾಲಿನಲ್ಲಿ ಹಿಂದಿನವನ ಕೈ ಬೆನ್ನಿಗೆ ತಗುಲಿದರೆ ಕಿರುಚುತ್ತಿದ್ದ. ಶೂ ಹಾಕಿಕೊಳ್ಳದೆ ಆಟಕ್ಕೆ ಬರಬಾರದೆಂಬ ನನ್ನ ನಿಯಮವನ್ನು ಅವನು ದಿನವೂ ಮುರಿಯುತ್ತಿದ್ದ. ಶೂ ಬಿಚ್ಚಿ, ಕಾಲುಚೀಲವನ್ನೂ ಕಿತ್ತು, ಬೆರಳುಗಳನ್ನು ಒತ್ತಿಕೊಳ್ಳುತ್ತಾ ಕೂರುತ್ತಿದ್ದ. ಹಟ ಎಂದುಕೊಂಡೆ. ಕಾಲುಚೀಲದ ತುದಿಯ ದಪ್ಪ ಹೊಲಿಗೆ ಅವನ ಬೆರಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತೆಂದು ತಿಳಿದದ್ದು ವರ್ಷ ಕಳೆದ ಮೇಲೆ. ಚೀಲವನ್ನು ಒಳಗಿನ ಮಗ್ಗುಲು ಹೊರಕ್ಕೆ ತಿರುಗಿಸಿ ಹಾಕಿದ ದಿನದಿಂದ ಅವನು ಒಮ್ಮೆಯೂ ಶೂ ಬಿಚ್ಚಿಲ್ಲ.

ಜುಲೈ ತಿಂಗಳ ಒಂದು ಬುಧವಾರ 50 ಮೀಟರ್ ಓಟದ ಅಭ್ಯಾಸವಿತ್ತು. ಅಂದು ಅವನು ಆಶ್ಚರ್ಯವೆಂಬಂತೆ ಗೆರೆಯ ಮೇಲೆ ಬಂದು ನಿಂತಿದ್ದ. ನಾನು ‘ಓಡು’ ಎಂದೆ, ಅವನು ಓಡಿದ. ಉಳಿದ ಮಕ್ಕಳು ಸುಣ್ಣದ ಗೆರೆ ದಾಟಿ ನಿಂತರು, ಅವನು ನಿಲ್ಲಲಿಲ್ಲ. ಕೊನೆಯ ಗೆರೆ, ಧ್ವಜಸ್ತಂಭ, ಬಿಸಿಯೂಟದ ಕೋಣೆ, ಗೇಟು ಎಲ್ಲವನ್ನೂ ದಾಟಿ ರಸ್ತೆಗೆ ಇಳಿದ. ಕಬ್ಬು ತುಂಬಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನವರು ಬ್ರೇಕ್ ಹಾಕಿದ್ದರಿಂದ ಅನಾಹುತ ತಪ್ಪಿತು. ಚಹದಂಗಡಿಯ ಹಿರಿಯರೊಬ್ಬರು ಅವನನ್ನು ಹಿಂದಿನಿಂದ ತಬ್ಬಿ ಹಿಡಿದಾಗ ಅವನು ಅವರ ಮುಂಗೈ ಕಚ್ಚಿದ. ಅಂದು ಸಂಜೆ ಸಿಬ್ಬಂದಿ ಸಭೆಯಲ್ಲಿ, ಆಟದ ಅವಧಿಯಲ್ಲಿ ಪುಟ್ಟನನ್ನು ಜಗಲಿಯಲ್ಲಿ ಕೂರಿಸುವುದೆಂದು ತೀರ್ಮಾನವಾಯಿತು. ನಾನು ಎದುರು ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಎದೆಯ ಭಾರ ಇಳಿದಂತಾಯಿತು.

ಆ ತೀರ್ಮಾನ ಕಾನೂನಿಗೆ ವಿರುದ್ಧವಾಗಿತ್ತು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಆ ಕಾಯ್ದೆಯ 16ನೇ ಕಲಮು ಶಾಲೆಗಳ ಕರ್ತವ್ಯವನ್ನು ಹೇಳುವಾಗ, ಭೇದವಿಲ್ಲದೆ ದಾಖಲಿಸಿಕೊಂಡು ಪಾಠ ಕಲಿಸಿದರೆ ಸಾಕೆನ್ನುವುದಿಲ್ಲ. ಇತರರಿಗೆ ಸಮನಾಗಿ ಕ್ರೀಡೆಗೂ ಮನರಂಜನೆಗೂ ಅವಕಾಶ ಕೊಡಬೇಕೆಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿಯೂ ಶಾಲೆಯೊಳಗಿನ ಆಟೋಟಗಳನ್ನು ಹೆಸರಿಸಿಯೇ ಈ ಮಾತನ್ನು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ಅಂಗವೈಕಲ್ಯವಿರುವ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ. ನಮ್ಮ ಜಗಲಿಯ ಬೆಂಚು ಇವೆಲ್ಲವನ್ನೂ ಮೀರಿ ಕುಳಿತಿತ್ತು.

ಬದಲಾವಣೆ ಶುರುವಾದದ್ದು ಅಂಗವೈಕಲ್ಯವಿರುವ ಮಕ್ಕಳಿಗೆ ನೆರವಾಗಲು ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಶಾಲೆಗಳಿಗೆ ಬರುವ ವಿಶೇಷ ಸಂಪನ್ಮೂಲ ಶಿಕ್ಷಕಿಯವರಿಂದ. ಪುಟ್ಟ ಆರನೇ ತರಗತಿಗೆ ಬಂದ ಜೂನ್ ತಿಂಗಳಲ್ಲಿ ಅವರು ಭೇಟಿಗೆ ಬಂದದ್ದು ಆಟದ ಅವಧಿಯ ಹೊತ್ತಿಗೇ. ಅವನ ಪಕ್ಕದಲ್ಲಿ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಆಮೇಲೆ ನನ್ನನ್ನು ಕರೆದು, ಅವನ ಪಾದಗಳನ್ನು ತೋರಿಸಿದರು. ಮೈದಾನದಲ್ಲಿ ಹುಡುಗರು ಕುಂಟೆಬಿಲ್ಲೆಯಂತೆ ಕುಂಟುತ್ತಾ ಓಡುವ ಪಂದ್ಯವಾಡುತ್ತಿದ್ದರು. ಪುಟ್ಟ ಬೆಂಚಿನ ಕೆಳಗೆ ಒಂದೇ ಕಾಲನ್ನು, ಅವರ ಲಯಕ್ಕೆ ಸರಿಯಾಗಿ, ನೆಲಕ್ಕೆ ಕುಟ್ಟುತ್ತಿದ್ದ. ಅವನಿಗೆ ಆಟ ಬೇಡವೆಂದು ಯಾರು ಹೇಳಿದ್ದು ಸಾರ್ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಹಾಗೆ ಯಾರೂ ಹೇಳಿರಲಿಲ್ಲ.

ಅವರ ಸಲಹೆಯಂತೆ ಎರಡು ವಾರ ನಾವು ಏನನ್ನೂ ಬದಲಿಸದೆ ಬರೀ ನೋಡಿದೆವು. ಅವರು ಬಂದ ದಿನಗಳಲ್ಲಿ ಪುಟ್ಟನನ್ನು ಮೈದಾನದ ಅಂಚಿಗೆ ಕರೆತಂದು, ಅವನು ಯಾವಾಗ ಕಿವಿ ಮುಚ್ಚಿದ, ಯಾವಾಗ ಎದ್ದು ಹೋದ, ಯಾವಾಗ ಸುಮ್ಮನೆ ನಿಂತು ನೋಡಿದ ಎಂಬುದನ್ನು ಗಡಿಯಾರ ನೋಡಿ ಬರೆದಿಟ್ಟೆವು. ಬರೆದದ್ದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಆಟ ನಡೆಯುವಾಗ ಅವನಿಗೆ ಹೆಚ್ಚಿನ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ಗಂಟೆ ಹೊಡೆದ ಮೇಲೆ ಆಟ ಶುರುವಾಗುವವರೆಗಿನ ಹತ್ತು ನಿಮಿಷದಲ್ಲಿ, ಮತ್ತು ಒಂದು ಆಟ ಮುಗಿದು ಇನ್ನೊಂದಕ್ಕೆ ಕಾಯುವ ಹೊತ್ತಿನಲ್ಲಿ ಇತ್ತು. ತರಗತಿಯಲ್ಲಿ ಅವನಿಗೊಂದು ಜಾಗವಿದೆ, ಎದುರಿಗೆ ಹಲಗೆಯಿದೆ, ಪುಸ್ತಕದಲ್ಲಿ ಇಂದಿನ ಪುಟದ ನಂತರ ನಾಳೆಯ ಪುಟವಿದೆ. ಮೈದಾನದಲ್ಲಿ ಇದಾವುದೂ ಇಲ್ಲ. ಎಲ್ಲಿ ನಿಲ್ಲಬೇಕು, ಮುಂದೇನು, ಯಾವಾಗ ಮುಗಿಯುತ್ತದೆ ಎಂಬುದೆಲ್ಲ ನನ್ನ ತಲೆಯಲ್ಲಿ ಮಾತ್ರ ಇರುತ್ತಿತ್ತು. ಉಳಿದ ಮಕ್ಕಳು ನನ್ನ ಮುಖ ನೋಡಿ, ಒಬ್ಬರನ್ನೊಬ್ಬರು ನೋಡಿ ಊಹಿಸುತ್ತಿದ್ದರು. ಹಾಗೆ ಊಹಿಸುವುದೇ ಪುಟ್ಟನಿಗೆ ಕಷ್ಟವಾದ ಕೆಲಸ. ಇಡೀ ಶಾಲೆಯಲ್ಲಿ ಅವನಿಗೆ ಅತ್ಯಂತ ಅನಿಶ್ಚಿತವಾದ ನಲವತ್ತು ನಿಮಿಷವೆಂದರೆ ನನ್ನ ಪೀರಿಯಡ್ ಆಗಿತ್ತು.

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಟೀಚ್ ಎಂಬ ಬೋಧನಾ ಪದ್ಧತಿಯ ಬಗ್ಗೆ ಶಿಕ್ಷಕಿ ಆಗ ಹೇಳಿದರು. ಆಟಿಸಂ ಇರುವ ಮಗುವಿಗೆ ಯಾವುದೇ ಕೆಲಸ ಕೊಡುವಾಗ, ಏನು ಮಾಡಬೇಕು, ಎಷ್ಟು ಮಾಡಬೇಕು, ಮುಗಿಯಿತೆಂದು ಹೇಗೆ ತಿಳಿಯುತ್ತದೆ, ಮುಗಿದ ಮೇಲೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಕಣ್ಣಿಗೆ ಕಾಣುವಂತೆ ಉತ್ತರ ಸಿಗಬೇಕು ಎಂಬುದು ಅದರ ಒಂದು ಮುಖ್ಯ ಅಂಶ. ಇದನ್ನು ಕೇಳುತ್ತಿದ್ದಂತೆ ನನಗೆ ಆ ಬುಧವಾರ ಕಣ್ಣ ಮುಂದೆ ಬಂತು. ‘ಓಡು’ ಎಂಬ ನನ್ನ ಆಜ್ಞೆಯಲ್ಲಿ ಮೊದಲ ಪ್ರಶ್ನೆಗೆ ಮಾತ್ರ ಉತ್ತರವಿತ್ತು. ಸುಣ್ಣದ ಗೆರೆ ನಿಲ್ಲುವ ಜಾಗವೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಆ ಗೆರೆಯಂಥವು ಮೈದಾನದ ತುಂಬ ಇದ್ದವು. ನಾನು ಹೇಳಿದ್ದನ್ನು ಅಂದು ಅಕ್ಷರಶಃ ಪಾಲಿಸಿದವನು ಇಡೀ ತರಗತಿಯಲ್ಲಿ ಅವನೊಬ್ಬನೇ.

ಹೀಗಾಗಿ ಪುಟ್ಟನಿಗೆ ಯಾವ ಆಟ ಹೊಂದುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಮೊದಲು ಪೀರಿಯಡ್ಡನ್ನೇ ಸರಿಪಡಿಸಲು ಹೊರಟೆವು. ಕೈದೋಟದ ಬೇವಿನ ಮರಕ್ಕೆ ಒಂದು ರಟ್ಟಿನ ಹಲಗೆ ಕಟ್ಟಿ, ಅದರಲ್ಲಿ ಅಂದಿನ ಅವಧಿಯ ಐದು ಹಂತಗಳನ್ನು ಚಿತ್ರ ಮತ್ತು ಅಕ್ಷರಗಳಲ್ಲಿ ತೂಗುಹಾಕಿದೆವು. ಒಂದೊಂದು ಹಂತ ಮುಗಿದಾಗಲೂ ಆ ಚೀಟಿಯನ್ನು ತೆಗೆದು ಕೆಳಗಿನ ಡಬ್ಬಿಗೆ ಹಾಕುವುದು. ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟೈರುಗಳನ್ನು ತಂದು, ಸುಣ್ಣ ಬಳಿದು, ಎಲ್ಲ 34 ಮಕ್ಕಳಿಗೂ ಒಂದೊಂದು ನೆಲೆ ಮಾಡಿದೆವು. ಬೆಲ್ ಆದ ಕೂಡಲೇ ಅವರವರ ಟೈರಿನೊಳಗೆ ಹೋಗಿ ನಿಲ್ಲುವುದು, ಅಷ್ಟೇ. ಎತ್ತರದ ಸಾಲು ಇಲ್ಲ, ಹಿಂದಿನವರ ಕೈ ತಗುಲುವ ಭಯವಿಲ್ಲ. ಸೀಟಿಯನ್ನು ಬೀರುವಿನಲ್ಲಿಟ್ಟೆ. ಪುಟ್ಟನ ತಾಯಿ ಉಳಿದ ಬಟ್ಟೆಯಲ್ಲಿ ಹಸಿರು, ಕೆಂಪು ಬಾವುಟಗಳನ್ನು ಹೊಲಿದುಕೊಟ್ಟರು. ಹಸಿರು ಎತ್ತಿದರೆ ಶುರು, ಕೆಂಪು ಎತ್ತಿದರೆ ಇದ್ದಲ್ಲೇ ನಿಲ್ಲುವುದು. ಸೀಟಿಯಿಲ್ಲದೆ ಮಕ್ಕಳನ್ನು ಹಿಡಿತಕ್ಕೆ ತರಲಾಗದೆಂದು ನಾನು ಹೆದರಿದ್ದೆ, ಆದರೆ ಕಣ್ಣನ್ನು ಬಾವುಟದ ಮೇಲಿಡಬೇಕಾಗಿ ಬಂದದ್ದರಿಂದ ಮಕ್ಕಳ ಗಮನ ಮೊದಲಿಗಿಂತ ಚುರುಕಾಯಿತು. ಓಟದ ಕೊನೆಯಲ್ಲಿ ಗೆರೆಯ ಬದಲು ಕೆಂಪು ಬಳಿದ ಟೈರನ್ನಿಟ್ಟೆವು. ‘ಕೆಂಪು ಟೈರಿನವರೆಗೆ ಓಡು, ಒಳಗೆ ನಿಲ್ಲು.’ ಜುಲೈ ತಿಂಗಳಲ್ಲೇ, ಹಿಂದಿನ ವರ್ಷ ಗೇಟು ದಾಟಿ ಓಡಿದ್ದ ಅದೇ ಹುಡುಗ, ಟೈರಿನೊಳಗೆ ಎರಡೂ ಕಾಲು ಜೋಡಿಸಿ ನಿಂತು, ಕೈಗಳನ್ನು ಪಟಪಟ ಬಡಿದುಕೊಂಡು ನಕ್ಕ.

ಈ ಏರ್ಪಾಡುಗಳೆಲ್ಲ ಇಡೀ ತರಗತಿಗೆ ಅನ್ವಯವಾದದ್ದು ನನ್ನ ಅಭಿಪ್ರಾಯದಲ್ಲಿ ಬಹಳ ಮುಖ್ಯ. ಅವನೊಬ್ಬನಿಗೇ ಟೈರು ಕೊಟ್ಟಿದ್ದರೆ ಅದು ಮೈದಾನದ ನಡುವೆ ಇನ್ನೊಂದು ಜಗಲಿಯಾಗುತ್ತಿತ್ತು.

ನಮ್ಮ ಶಾಲೆಯ ಮುಖ್ಯ ಆಟ ಖೊಖೊ. ಅದನ್ನು ಬಿಟ್ಟು ಅವನಿಗೆ ಬೇರೇನನ್ನೋ ಕೊಟ್ಟು ಸೇರಿಸಿಕೊಂಡೆವು ಎನ್ನುವಂತಿರಲಿಲ್ಲ. ಆದರೆ ಖೊಖೊದ ಜೀವಾಳವೇ ಅವನಿಗೆ ಸಹಿಸಲಾಗದ ಸಂಗತಿ: ಕುಳಿತವನ ಬೆನ್ನ ಹಿಂದಿನಿಂದ ಓಡಿ ಬಂದವನು, ಕಾಣದಂತೆ, ಬೆನ್ನು ಮುಟ್ಟಿ ‘ಖೋ’ ಎಂದು ಕೂಗುತ್ತಾನೆ. ಸದ್ದು, ಸ್ಪರ್ಶ, ಅನಿರೀಕ್ಷಿತ, ಮೂರೂ ಒಂದೇ ಕ್ಷಣದಲ್ಲಿ. ಇನ್ನೊಂದು ಕಡೆ ನೋಡಿದರೆ ಇಷ್ಟು ಕಟ್ಟುನಿಟ್ಟಾದ ನಿಯಮವಿರುವ ಆಟ ಇನ್ನೊಂದಿಲ್ಲ. ಎರಡು ಕಂಬಗಳ ನಡುವೆ ಎಂಟು ಚೌಕ, ಎಂಟು ಜನ, ಒಬ್ಬರು ಈ ಕಡೆಗೆ ಮುಖ ಮಾಡಿದರೆ ಪಕ್ಕದವರು ಆ ಕಡೆಗೆ. ಅಟ್ಟಿಸಿಕೊಂಡು ಹೋಗುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಮನಬಂದಂತೆ ಬದಲಿಸುವಂತಿಲ್ಲ. ಇಂಥ ಕ್ರಮವನ್ನು ಪುಟ್ಟ ಪ್ರೀತಿಸುತ್ತಾನೆಂಬುದು ಅವನ ಬಸ್ಸಿನ ವೇಳಾಪಟ್ಟಿಯಿಂದಲೇ ಗೊತ್ತಿತ್ತು.

ಸ್ಪರ್ಶದ ಗಂಟನ್ನು ಬಿಡಿಸಿದವರು ಅವನ ಅಜ್ಜಿ. ಮನೆಗೆ ಹೋಗಿ ಮಾತಾಡುವಾಗ, ಭಾನುವಾರ ಎಣ್ಣೆ ಹಚ್ಚುವ ವಿಷಯ ಬಂತು. ಮೆಲ್ಲಗೆ ಸವರಿದರೆ ಕೈ ತಳ್ಳಿ ಓಡುತ್ತಾನೆ, ಅಂಗೈಯೂರಿ ಗಟ್ಟಿಯಾಗಿ ಒತ್ತಿ ತಿಕ್ಕಿದರೆ ಕಣ್ಣು ಮುಚ್ಚಿ ಕೂರುತ್ತಾನೆ ಎಂದರು ಅಜ್ಜಿ. ಆಟಿಸಂ ಇರುವ ಅನೇಕರಿಗೆ ಹಗುರ ಸ್ಪರ್ಶಕ್ಕಿಂತ ಗಟ್ಟಿಯಾದ ಒತ್ತಡ ಹಿತವೆನಿಸುತ್ತದೆ ಎಂದು ಸಂಪನ್ಮೂಲ ಶಿಕ್ಷಕಿ ಹೇಳಿದ್ದರಾದರೂ, ಅದನ್ನು ಖೊಖೊಗೆ ತಂದು ಜೋಡಿಸಲು ನನಗೆ ಅಜ್ಜಿಯ ಮಾತೇ ಬೇಕಾಯಿತು. ನಮ್ಮ ತರಗತಿಯ ಆಟದಲ್ಲಿ ‘ಖೋ’ ಕೊಡುವವರು ಮೊದಲು ಹೆಸರು ಹೇಳಬೇಕು, ಆಮೇಲೆ ಎರಡೂ ಅಂಗೈಗಳನ್ನು ಭುಜದ ಮೇಲಿಟ್ಟು ಗಟ್ಟಿಯಾಗಿ ಒಮ್ಮೆ ಒತ್ತಬೇಕು, ಕೂಗುವಂತಿಲ್ಲ ಎಂದು ನಿಯಮ ಮಾಡಿದೆವು. ಮೊದಲು ನಾನು ಒತ್ತಿದೆ, ನಂತರ ಅವನೇ ಆರಿಸಿದ ಇಬ್ಬರು, ಆಮೇಲೆ ಎಲ್ಲರೂ. ಇದಕ್ಕೆ ಆರು ವಾರ ಹಿಡಿಯಿತು. ಒಂದು ಕಂಬದ ಪಕ್ಕದ ಕೊನೆಯ ಚೌಕ ಅವನದಾಯಿತು, ಏಕೆಂದರೆ ಅಲ್ಲಿ ಪಕ್ಕದಲ್ಲಿ ಒಬ್ಬರೇ ಇರುತ್ತಾರೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಆಟದ ನಡುವೆ ಅವನು ಎದ್ದು ನಿಂತು ‘ತಪ್ಪು, ತಪ್ಪು’ ಎನ್ನತೊಡಗಿದ. ಮತ್ತೆ ಗಾಬರಿಯಾಯಿತೆಂದು ನಾನು ಕೆಂಪು ಬಾವುಟ ಎತ್ತಿದೆ. ಅವನು ಐದನೇ ಚೌಕದ ಬಳಿ ಹೋಗಿ, ಅಲ್ಲಿ ಕುಳಿತಿದ್ದ ಹುಡುಗಿಯ ಎದುರಿನ ನೆಲವನ್ನು ತೋರಿಸಿ, ಆಮೇಲೆ ಹಿಂದಿನ ನೆಲವನ್ನು ತೋರಿಸಿದ. ಆಕೆ ಆರನೇ ಚೌಕದವನು ನೋಡುತ್ತಿದ್ದ ಕಡೆಗೇ ಮುಖ ಮಾಡಿ ಕುಳಿತಿದ್ದಳು. ನಾನಾಗಲಿ, ಉಳಿದ ಮಕ್ಕಳಾಗಲಿ ಅದನ್ನು ಗಮನಿಸಿರಲಿಲ್ಲ. ಆಕೆ ತಿರುಗಿ ಕುಳಿತಳು, ಅವನು ತನ್ನ ಚೌಕಕ್ಕೆ ಮರಳಿದ, ಆಟ ಮುಂದುವರಿಯಿತು.

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಜೊತೆಗಾರರ ವ್ಯವಸ್ಥೆಯಲ್ಲಿ ನಾವು ದೊಡ್ಡ ತಪ್ಪು ಮಾಡಿದೆವು. ಪಕ್ಕದ ಮನೆಯ ಹುಡುಗಿಯೊಬ್ಬಳು ಅವನನ್ನು ಚೆನ್ನಾಗಿ ಬಲ್ಲವಳೆಂಬ ಕಾರಣಕ್ಕೆ ಪ್ರತಿ ಅವಧಿಯಲ್ಲೂ ಅವಳನ್ನೇ ಜೊತೆಗೆ ಹಾಕಿದೆವು. ಅವಳು ತರಗತಿಯಲ್ಲೇ ಅತಿ ವೇಗದ ಓಟಗಾರ್ತಿ. ಮೂರು ತಿಂಗಳಾದ ಮೇಲೆ ಅವಳು ಆಟದ ದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯತೊಡಗಿದಳು. ಅವಳ ತಾಯಿ ಬಂದು, ನನ್ನ ಮಗಳಿಗೂ ಆಡುವ ಆಸೆಯಿದೆ ಮೇಷ್ಟ್ರೇ ಎಂದಾಗ, ಒಂದು ಮಗುವನ್ನು ಸೇರಿಸಲು ಇನ್ನೊಂದು ಮಗುವಿನ ಆಟವನ್ನು ಕಸಿದುಕೊಂಡಿದ್ದೇವೆಂದು ತಿಳಿಯಿತು. ಆ ಬಳಿಕ ವಾರಕ್ಕೊಬ್ಬರಂತೆ ಸರದಿ ಮಾಡಿದೆವು, ಸರದಿಯ ಹೆಸರುಗಳನ್ನು ಪುಟ್ಟನಿಗೆ ಮುಂಚೆಯೇ ಬರೆದುಕೊಟ್ಟೆವು, ಮತ್ತು ಜೊತೆಗಾರರ ಕೆಲಸ ಹಲಗೆಯ ಚೀಟಿಗಳನ್ನು ಅವನೊಡನೆ ನೋಡುವುದಷ್ಟೇ ಎಂದು ಮಿತಿ ಹಾಕಿದೆವು. ಅವನನ್ನು ಕಾಯುವುದು ದೊಡ್ಡವರ ಕೆಲಸ. ಗೇಟಿಗೆ ಆಟದ ಹೊತ್ತಿನಲ್ಲಿ ಬೀಗ ಬೀಳತೊಡಗಿದ್ದೂ ಆಗಲೇ. ಕಾಂಪೌಂಡಿಲ್ಲದ ಬದಿಗಳ ಕಡೆಗೆ ಆಟದ ಅಂಕಣಗಳನ್ನು ಹಾಕುವುದನ್ನು ನಿಲ್ಲಿಸಿದೆವು.

ಶಾಲಾ ಕ್ರೀಡಾ ದಿನದಂದು ಧ್ವನಿವರ್ಧಕ, ತಮಟೆ, ಊರಿನ ಜನ ಎಲ್ಲ ಸೇರಿದಾಗ ಅವನಿಗೆ ತಡೆಯಲಾಗಲಿಲ್ಲ. ಅವನು ನೆಲಕ್ಕೆ ಕುಸಿದು ತಲೆ ಚಚ್ಚಿಕೊಳ್ಳತೊಡಗಿದಾಗ ಅವನ ತಂದೆ ಎತ್ತಿಕೊಂಡು ಮನೆಗೆ ಹೋದರು. ಮರುವರ್ಷ ಅವನ ಓಟವನ್ನು, ಅವನ ತರಗತಿಯ ಇತರರ ಜೊತೆಗೇ, ಹಿಂದಿನ ದಿನ ಬೆಳಿಗ್ಗೆ ಜನ ಸೇರುವ ಮುಂಚೆ ನಡೆಸಿದೆವು. ಇದು ಪೂರ್ಣ ಪರಿಹಾರವೆಂದು ನನಗೆ ಅನ್ನಿಸಿಲ್ಲ. ಧ್ವನಿವರ್ಧಕವನ್ನೇ ತಗ್ಗಿಸಬೇಕಿತ್ತು, ಅದಕ್ಕೆ ಊರಿನ ಹಿರಿಯರನ್ನು ಒಪ್ಪಿಸಲು ನನ್ನಿಂದ ಇನ್ನೂ ಆಗಿಲ್ಲ.

ಅವನು ಈಗ ಏಳನೇ ತರಗತಿ ಮುಗಿಸುತ್ತಿದ್ದಾನೆ. ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವುದು ಹೆಚ್ಚಿದೆ, ಆಟವಾಡಿದ ದಿನ ರಾತ್ರಿ ಬೇಗ ಮಲಗುತ್ತಾನೆಂದು ಅವನ ತಾಯಿ ಹೇಳುತ್ತಾರೆ. ಕಬಡ್ಡಿ ಅವನಿಗೆ ಆಗುವುದಿಲ್ಲ. ನಾಲ್ಕು ಜನ ಮೇಲೆ ಬೀಳುವ ಆಟಕ್ಕೆ ಅವನನ್ನು ಬಲವಂತ ಮಾಡಿಲ್ಲ, ಆ ಹೊತ್ತಿನಲ್ಲಿ ಅವನಿಗೂ ಬೇಕೆಂದವರಿಗೂ ಲಗೋರಿ ಇರುತ್ತದೆ. ಮೌಲ್ಯಮಾಪನದಲ್ಲಿ ಅವನ ಓಟದ ವೇಗವನ್ನು ಇತರರೊಡನೆ ಹೋಲಿಸದೆ, ಜೂನ್‌ನಲ್ಲಿ ಅವನು ಮಾಡುತ್ತಿದ್ದುದರ ಜೊತೆ ಹೋಲಿಸಿ ಬರೆಯುತ್ತೇನೆ. ಒಂದು ಸಲ ನಾನು ತರಬೇತಿಗೆ ಹೋಗಿದ್ದಾಗ, ಯಾರೂ ಹೇಳದ ಕಾರಣ ಅವನು ಖಾಲಿ ಮೈದಾನದಲ್ಲಿ ತನ್ನ ಟೈರಿನೊಳಗೆ ನಲವತ್ತು ನಿಮಿಷ ನಿಂತಿದ್ದನಂತೆ. ಮರುದಿನವೇ ‘ಇಂದು ಆಟ ಇಲ್ಲ’ ಎಂಬ ಚೀಟಿಯನ್ನು ಮಾಡಿದೆವು. ಅದನ್ನು ಬರೆದವನು ಅವನೇ, ಕೆಳಗೆ ಬಸ್ಸಿನ ಚಿತ್ರವನ್ನೂ ಬಿಡಿಸಿದ.

ಜೂನ್‌ನಿಂದ ಅವನು ಎಂಟನೇ ತರಗತಿಗೆ ಊರಾಚೆಯ ಪ್ರೌಢಶಾಲೆಗೆ ಹೋಗುತ್ತಾನೆ. ಅಲ್ಲಿನ ದೈಹಿಕ ಶಿಕ್ಷಕರಿಗೆ ಕೊಡಲು ನಾಲ್ಕು ಪುಟದ ಟಿಪ್ಪಣಿ ಬರೆದಿದ್ದೇನೆ. ಮೊದಲ ಪುಟದಲ್ಲಿ ಸೀಟಿ, ಕಾಲುಚೀಲ, ಭುಜ ಎಂಬ ಮೂರು ವಿಷಯಗಳಷ್ಟೇ ಇವೆ. ಕಳೆದ ವಾರ ಅವರನ್ನು ಕಂಡು ಮೈದಾನ ನೋಡಿ ಬಂದೆ. ಅವರ ಖೊಖೊ ಅಂಕಣ ಪೂರ್ವ ಪಶ್ಚಿಮವಾಗಿದೆ, ನಮ್ಮದು ಉತ್ತರ ದಕ್ಷಿಣ. ಬೇಸಿಗೆ ರಜೆಯಲ್ಲಿ, ಶಾಲೆ ಖಾಲಿಯಿರುವಾಗ, ಅವನನ್ನು ಎರಡು ಮೂರು ಸಲ ಅಲ್ಲಿಗೆ ಕರೆದುಕೊಂಡು ಹೋಗಿ ಕೊನೆಯ ಚೌಕದಲ್ಲಿ ಕೂರಿಸಿ, ಯಾವ ದಿಕ್ಕಿಗೆ ಮುಖ ಮಾಡಬೇಕೆಂಬುದನ್ನು ತೋರಿಸಬೇಕು. ಅವನ ಟೈರನ್ನೂ ಒಯ್ಯಲು ಅವರು ಒಪ್ಪಿದ್ದಾರೆ.